ಬೋರ್ ನೀರಿಗೆ ಕೂದಲು ನಾರಾಯಿತು, ನಿಂಬೆ ಹಚ್ಚಿ ಕುತ್ತಿಗೆ ಸುಟ್ಟುಕೊಂಡೆ. ಮನೆಯಲ್ಲೇ ಏನು ಮಾಡಬಹುದು?

ಧಾರವಾಡದವಳು, ವಾಕಡ್

ಎಲ್ಲರಿಗೂ ನಮಸ್ಕಾರ. ಧಾರವಾಡ ಬಿಟ್ಟು ಪುಣೆಗೆ ಬಂದು 14 ತಿಂಗಳಾಯಿತು. ವಾಕಡ್‌ನಲ್ಲಿ 11ನೇ ಮಹಡಿಯ ಫ್ಲ್ಯಾಟ್. ಕಾರ್ಪೊರೇಷನ್ ನೀರು ಸಾಲುವುದಿಲ್ಲ, ಬೋರ್‌ವೆಲ್ ನೀರು ಸೇರಿಸಿ ಬಿಡುತ್ತಾರೆ. ಮಾರ್ಚ್ ಬಂತೆಂದರೆ ಟ್ಯಾಂಕರ್. ಬಕೆಟ್ಟಿನ ಒಳಗೆ ಬಿಳಿ ಪದರ ಕಟ್ಟಿದೆ. ಷವರಿನ ಅರ್ಧ ತೂತುಗಳು ಮುಚ್ಚಿಹೋಗಿವೆ. ಸೋಪು ಎಷ್ಟು ಉಜ್ಜಿದರೂ ನೊರೆ ಬರುವುದಿಲ್ಲ.

ನನ್ನ ಕೂದಲು ಸೊಂಟದವರೆಗೆ ಇತ್ತು. ಪ್ರತಿ ಶುಕ್ರವಾರ ಅವ್ವ ಎಣ್ಣೆ ಹಚ್ಚಿ ಎರೆದು ಬೆಳೆಸಿದ ಕೂದಲು. ಈಗ ಮುಟ್ಟಿದರೆ ತೆಂಗಿನ ನಾರು. ಬಾಚಣಿಗೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ನೆಲದ ಮೇಲೆ ಎಲ್ಲಿ ನೋಡಿದರೂ ಕೂದಲು. ಮೂರು ಶಾಂಪೂ ಬದಲಾಯಿಸಿದೆ, ಏನೂ ಆಗಲಿಲ್ಲ.

ಎರಡನೆಯದು ಕುತ್ತಿಗೆ. ಫೆಬ್ರವರಿಯಲ್ಲಿ ಬೆಳಗಾವಿಯಲ್ಲಿ ಒಂದು ಮದುವೆ ಇತ್ತು. ಅದಕ್ಕೂ ಮೊದಲು ಸಂಬಂಧಿಕರೊಬ್ಬರು ಎಲ್ಲರ ಎದುರಿಗೆ, ನಿನ್ನ ಕುತ್ತಿಗೆ ಯಾಕೆ ಇಷ್ಟು ಕಪ್ಪಾಗಿದೆ, ಸರಿಯಾಗಿ ಉಜ್ಜಿ ಸ್ನಾನ ಮಾಡುವುದಿಲ್ಲವಾ ಎಂದರು. ತುಂಬಾ ನೋವಾಯಿತು. ರಾತ್ರಿ ಒಂದು ವಿಡಿಯೋ ನೋಡಿದೆ. ಬೆಳಿಗ್ಗೆ ಅರ್ಧ ನಿಂಬೆಹಣ್ಣಿನ ಮೇಲೆ ಅಡುಗೆ ಸೋಡಾ ಹಾಕಿ ಹತ್ತು ನಿಮಿಷ ಉಜ್ಜಿದೆ. ನೀರಿನಲ್ಲಿ ಹಾಗೇ ಒರೆಸಿಕೊಂಡು ಸ್ಕೂಟರಿನಲ್ಲಿ ಔಂಧ್‌ಗೆ ಹೋಗಿ ಬಂದೆ. ಸಂಜೆಯ ಹೊತ್ತಿಗೆ ಉರಿ. ಮರುದಿನ ಕೆಂಪು. ಒಂದು ವಾರದಲ್ಲಿ ಮೊದಲಿಗಿಂತ ಕಪ್ಪು ಕಲೆಗಳು. ಮದುವೆಯಲ್ಲಿ ಸೆರಗು ಹೊದ್ದುಕೊಂಡೇ ಇದ್ದೆ.

ಮಗಳಿಗೆ 7 ವರ್ಷ. ಇಲ್ಲಿನ ಡಿಸೆಂಬರ್ ಚಳಿಗೆ ಅವಳ ಕಾಲು ಒಣಗಿ ಬಿಳಿ ಗೆರೆ ಬರುತ್ತದೆ, ರಾತ್ರಿ ಕೆರೆದುಕೊಳ್ಳುತ್ತಾಳೆ. ಅತ್ತೆಯವರು ಕಡಲೆ ಹಿಟ್ಟು ಹಚ್ಚಿ ತಿಕ್ಕು ಎನ್ನುತ್ತಾರೆ. ನಿಂಬೆಯ ಕಥೆ ಆದಮೇಲೆ ಮಗುವಿಗೆ ಏನು ಹಚ್ಚಲೂ ಕೈ ಬರುತ್ತಿಲ್ಲ.

ನನಗೆ ಬೆಳಿಗ್ಗೆ 8ಕ್ಕೆ ಹಿಂಜೆವಾಡಿ ಬಸ್ಸು. ಭಾನುವಾರ ಮಾತ್ರ ಪುರುಸೊತ್ತು. ಅಡುಗೆಮನೆಯಲ್ಲಿ ಇರುವುದರಲ್ಲೇ ಆಗುವಂಥದ್ದು, ನೀವು ಸ್ವತಃ ಮಾಡಿ ನೋಡಿದ್ದು ಇದ್ದರೆ ದಯವಿಟ್ಟು ಹೇಳಿ.


ಚಿಂಚವಡ್, ಗದಗ ಮೂಲ

ಅಕ್ಕಾ, ಮೊದಲು ನೀರು ನೋಡಿ. ನಮ್ಮ ಸೊಸೈಟಿಯ ಬೋರ್ ನೀರನ್ನು ಲ್ಯಾಬಿಗೆ ಕಳಿಸಿದಾಗ ಗಡಸುತನ ಲೀಟರಿಗೆ 480 ಮಿಲಿಗ್ರಾಂ ಬಂತು. ಕುಡಿಯುವ ನೀರಿಗೆ ಭಾರತೀಯ ಮಾನದಂಡ ಹೇಳುವುದು 200. ಬೇರೆ ನೀರೇ ಇಲ್ಲದ ಕಡೆ 600ರವರೆಗೆ ಒಪ್ಪುತ್ತಾರೆ. ಆ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಕರಗದ ಜಿಡ್ಡಾಗುತ್ತವೆ. ಬಕೆಟ್ಟಿಗೆ ಹಿಡಿಯುವ ಜಿಡ್ಡು ತಲೆಗೂ ಹಿಡಿಯುತ್ತದೆ.

ನಾನು ಮಾಡುವುದು ಇಷ್ಟೇ. ತಲೆ ತೊಳೆದಾದ ಮೇಲೆ ಕೊನೆಯ ಎರಡು ಚೊಂಬು ಕುಡಿಯುವ ಆರ್‌ಓ ನೀರು ಹಾಕಿಕೊಳ್ಳುತ್ತೇನೆ. ಎರಡು ಲೀಟರ್ ಸಾಕು. ಕುದಿಸಿ ಆರಿಸಿದರೂ ಗಡಸುತನ ಸ್ವಲ್ಪ ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ. ಪಾತ್ರೆಯ ತಳದಲ್ಲಿ ಬಿಳಿ ಪುಡಿ ಕೂರುವುದು ಅದೇ.


ಡೊಂಬಿವಲಿ, ಶಿರಸಿ ಮೂಲ

ತಂಗಿ, ನಿನ್ನ ಪತ್ರ ಎರಡು ಸಲ ಓದಿದೆ. ಸೆರಗು ಹೊದ್ದುಕೊಂಡೇ ಇದ್ದೆ ಅಂತ ಬರೆದೆಯಲ್ಲ, ಅಲ್ಲಿ ನನಗೆ ನನ್ನ ಮಗಳೇ ಕಂಡಳು. 1999ರಲ್ಲಿ ಅವಳಿಗೆ 14. ಶಾಲೆಯ ಗ್ಯಾದರಿಂಗಿನಲ್ಲಿ ನಾಟಕ ಇತ್ತು. ಯಾರೋ ಕಪ್ಪು ಅಂದರಂತೆ. ನಾನು ಕೆಲಸಕ್ಕೆ ಹೋದಾಗ ನಿಂಬೆ ರಸ ಮುಖಕ್ಕೆ ಹಚ್ಚಿ ಟೆರೇಸಿನಲ್ಲಿ ಕೂತಿದ್ದಾಳೆ, ಬಿಸಿಲಿಗೆ ಚೆನ್ನಾಗಿ ಹಿಡಿಯಲಿ ಅಂತ. ಕೆನ್ನೆಯ ಮೇಲಿನ ಕಲೆ ಹೋಗಲು ದೀಪಾವಳಿ ಬಂತು. ಆಮೇಲೆ ಚರ್ಮದ ಡಾಕ್ಟರು ಬಿಡಿಸಿ ಹೇಳಿದರು. ನಿಂಬೆಯಲ್ಲಿ ಇರುವ ಒಂದು ಅಂಶ ಚರ್ಮದ ಮೇಲಿದ್ದಾಗ ಬಿಸಿಲು ಬಿದ್ದರೆ ಸುಡುತ್ತದೆ, ಸುಟ್ಟ ಜಾಗ ಕಪ್ಪಾಗುತ್ತದೆ. ಅದಕ್ಕೂ ಉಜ್ಜುವುದಕ್ಕೂ ಸಂಬಂಧವೇ ಇಲ್ಲ. ನೀನು ಸೋಡಾ ಬೇರೆ ಸೇರಿಸಿದ್ದೀಯ. ಚರ್ಮ ಸಹಜವಾಗಿ ಸ್ವಲ್ಪ ಹುಳಿ ಗುಣದ್ದು, ಸೋಡಾ ಅದಕ್ಕೆ ವಿರುದ್ಧ. ತಿಕ್ಕಿ ತಿಕ್ಕಿ ಮೇಲಿನ ಪದರ ಕಿತ್ತು, ಆಮೇಲೆ ಬಿಸಿಲಿಗೆ ಹೋದ ಹಾಗಾಯಿತು.

ಅದಕ್ಕೇ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಬೆಳ್ಳಗಾಗಲು ಅಡುಗೆಮನೆಯಲ್ಲಿ ಏನೂ ಇಲ್ಲ. ಹುಡುಕಬೇಡ. ಚರ್ಮ ಮೆತ್ತಗಾಗಲು, ಕೂದಲು ಸಿಕ್ಕು ಬಿಡಲು ಬೇಕಾದಷ್ಟಿದೆ. ನಿಂಬೆ, ಸೋಡಾ, ಹಸಿ ಬೆಳ್ಳುಳ್ಳಿ, ದಾಲ್ಚಿನ್ನಿ ಪುಡಿ, ಸಕ್ಕರೆ ಹರಳು, ಇಷ್ಟೂ ಒಲೆಯ ಹತ್ತಿರವೇ ಇರಲಿ.

ಈಗ ಕೂದಲು. ನಾನು ಮದುವೆಯಾಗಿ 1984ರಲ್ಲಿ ಇಲ್ಲಿಗೆ ಬಂದವಳು. ಊರಿನಲ್ಲಿ ಬಚ್ಚಲ ಹಂಡೆಯ ಬಿಸಿನೀರು, ಹಿತ್ತಿಲಿನ ದಾಸವಾಳ. ಇಲ್ಲಿ ಚಾಳಿನಲ್ಲಿ ಬೆಳಿಗ್ಗೆ ಮುಕ್ಕಾಲು ಗಂಟೆ ನಲ್ಲಿ ನೀರು, ಅಷ್ಟರಲ್ಲೇ ಆರು ಜನ. ಆದರೂ ಬಿಡಲಿಲ್ಲ. ಕಾಂಪೌಂಡಿನಲ್ಲಿ ಒಂದು ಕೆಂಪು ದಾಸವಾಳ ಇತ್ತು. ಇಲ್ಲಿನವರು ಜಾಸ್ವಂದ ಅನ್ನುತ್ತಾರೆ. ಗಣಪತಿಗೆ ಅಂತ ಹೂವು ಬೆಳಿಗ್ಗೆ ಐದಕ್ಕೇ ಖಾಲಿ. ಎಲೆ ಮಾತ್ರ ಯಾರಿಗೂ ಬೇಡ. ಆ ಎಲೆಯೇ ನನಗೆ ಬೇಕಾದದ್ದು. ನಿಮ್ಮ ಸೊಸೈಟಿಯಲ್ಲೂ ಒಂದು ಗಿಡ ಇದ್ದೇ ಇರುತ್ತದೆ, ನೋಡು.

ಹದವಾಗಿ ಬಲಿತ ಎಲೆ ಇಪ್ಪತ್ತು ಇಪ್ಪತ್ತೈದು ತೆಗೆದುಕೋ. ತೀರ ಎಳೆಯದು ಬೇಡ, ಹಳದಿ ತಿರುಗಿದ್ದೂ ಬೇಡ. ಎರಡು ನೀರಿನಲ್ಲಿ ತೊಳೆ. ಅಗಲ ಪಾತ್ರೆಯಲ್ಲಿ ಒಂದು ಚೊಂಬು ಉಗುರುಬೆಚ್ಚನೆ ನೀರಿಗೆ ಹಾಕಿ ಕೈಯಲ್ಲಿ ಹಿಸುಕುತ್ತಾ ಹೋಗು. ಕುಡಿಯುವ ನೀರೇ ಆಗಲಿ. ಐದು ನಿಮಿಷಕ್ಕೆ ನೀರು ದಪ್ಪಗಾಗಿ ಬೆರಳಿನಿಂದ ದಾರದ ಹಾಗೆ ಇಳಿಯುತ್ತದೆ. ಮಿಕ್ಸಿಗೆ ಹಾಕಬೇಡ. ಎಲೆ ನುಣ್ಣಗಾಗಿ ಲೋಳೆಯಲ್ಲಿ ಬೆರೆತುಬಿಟ್ಟರೆ ಸೋಸಲು ಬರುವುದಿಲ್ಲ, ತಲೆಯಲ್ಲಿ ಹಸಿರು ಚೂರು ಎರಡು ದಿನ ಉಳಿಯುತ್ತದೆ. ಹಳೆಯ ಪಂಚೆಯ ತುಂಡಿನಲ್ಲಿ ಹಿಂಡಿ ಸೋಸು. ಬಟ್ಟೆ ಮರೆಯಬೇಡ. ಊರಿನ ಬಚ್ಚಲಾದರೆ ನೀರು ಬಾಳೆಗಿಡಕ್ಕೆ ಹೋಗುತ್ತದೆ. ಫ್ಲ್ಯಾಟಿನ ಬಾತ್‌ರೂಮಿನ ಜಾಲಿ ಒಂದೇ ಸಲಕ್ಕೆ ಕಟ್ಟಿಕೊಳ್ಳುತ್ತದೆ, ಕೆಳಗಿನ ಮನೆಯವರು ಮೇಲೆ ಬರುತ್ತಾರೆ.

ತೊಳೆಯಲು ಸೀಗೆಕಾಯಿ. ಪುಡಿಗಿಂತ ಕಾಯಿಯೇ ಒಳ್ಳೆಯದು. ಪುಡಿಯಲ್ಲಿ ಏನು ಬೆರೆಸಿದ್ದಾರೋ ಕಾಣುವುದಿಲ್ಲ, ತಲೆಯಲ್ಲೂ ಗರಗರ ಉಳಿಯುತ್ತದೆ. ನಾನು ಮಾಟುಂಗಾ ಮಾರ್ಕೆಟಿಗೆ ಹೋದಾಗ ಆರು ತಿಂಗಳಿಗೆ ಆಗುವಷ್ಟು ತರುತ್ತೇನೆ. ಪುಣೆಯಲ್ಲಿ ಪೂಜಾ ಸಾಮಾನು, ಗಿಡಮೂಲಿಕೆ ಮಾರುವ ಅಂಗಡಿಯಲ್ಲಿ ಶಿಕೇಕಾಯಿ ಅಂತ ಕೇಳು. ಅಂಟುವಾಳ ಬೇಕಾದರೆ ರಿಠಾ ಅನ್ನು. ಎಂಟು ಸೀಗೆಕಾಯಿ, ಬೀಜ ತೆಗೆದ ನಾಲ್ಕು ಅಂಟುವಾಳ, ಒಂದು ಚಮಚ ಮೆಂತ್ಯ. ಶನಿವಾರ ರಾತ್ರಿ ಮುಕ್ಕಾಲು ಲೀಟರ್ ನೀರಿನಲ್ಲಿ ನೆನೆಹಾಕು. ಭಾನುವಾರ ಹತ್ತು ನಿಮಿಷ ಕುದಿಸಿ, ಆರಿಸಿ, ಕಿವುಚಿ ಸೋಸು. ಇದರ ನೊರೆ ಸೋಪಿನದಲ್ಲ. ಅದಕ್ಕೇ ಗಡಸು ನೀರಿನಲ್ಲೂ ಜಿಡ್ಡಾಗಿ ಕೂರುವುದಿಲ್ಲ. ಕಣ್ಣಿಗೆ ಬೀಳದ ಹಾಗೆ ನೋಡಿಕೋ, ಅಂಟುವಾಳ ಕಣ್ಣಿಗೆ ಹೋದರೆ ಬಹಳ ಉರಿ. ವಾರಕ್ಕೆ ಒಂದೇ ಸಲ. ಜಾಸ್ತಿ ಮಾಡಿದರೆ ಇದೂ ಕೂದಲು ಒಣಗಿಸುತ್ತದೆ.

ಕ್ರಮ ಹೀಗೆ. ಸ್ನಾನಕ್ಕೆ ಒಂದು ಗಂಟೆ ಮೊದಲು ಕೊಬ್ಬರಿ ಎಣ್ಣೆ. ಬುಡಕ್ಕಿಂತ ಉದ್ದಕ್ಕೂ, ತುದಿಗೂ ಹಚ್ಚು. ಒಂದೂವರೆ ಚಮಚ ಸಾಕು, ಸುರಿಯುವುದು ಬೇಡ. ನಂತರ ಸೀಗೆಕಾಯಿ ನೀರು. ಕೊನೆಗೆ ದಾಸವಾಳದ ಲೋಳೆ ಹಚ್ಚಿ ಐದು ನಿಮಿಷ ಬಿಟ್ಟು, ಕೂದಲು ಒದ್ದೆ ಇರುವಾಗಲೇ ಬೆರಳಿನಿಂದ ಸಿಕ್ಕು ಬಿಡಿಸು. ಬಾಚಣಿಗೆ ಮುಟ್ಟಬೇಡ. ಆಮೇಲೆ ಗದಗದವರು ಹೇಳಿದ ಆ ಎರಡು ಚೊಂಬು ಒಳ್ಳೆ ನೀರು. ಅದು ನನಗೆ ಗೊತ್ತಿರಲಿಲ್ಲ. ತುಂಬಾ ಒಳ್ಳೆಯ ಉಪಾಯ.

ಮೆಂತ್ಯದ ವಾಸನೆ ಸೋಮವಾರವೂ ಇರುತ್ತದೆ. ಬಸ್ಸಿನಲ್ಲಿ ಮುಜುಗರ ಆಗುತ್ತದೆ ಅನ್ನಿಸಿದರೆ ಬಿಟ್ಟುಬಿಡು, ದಾಸವಾಳ ಒಂದೇ ಸಾಕು.


ವಾಶಿ, ನರ್ಸ್

ಅಕ್ಕಾ, ಶಿರಸಿ ಅಮ್ಮ ಹೇಳಿದ್ದೆಲ್ಲ ಚಂದ ಇದೆ. ನಾನು ಚರ್ಮ ವಿಭಾಗದಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ್ದೇನೆ, ಅಲ್ಲಿ ಕಂಡದ್ದನ್ನು ಸ್ವಲ್ಪ ಸೇರಿಸುತ್ತೇನೆ.

ನಿಮ್ಮ ಕುತ್ತಿಗೆಯ ಬಗ್ಗೆ. ನಿಂಬೆ ಹಚ್ಚುವ ಮೊದಲೂ ಅದು ಕಪ್ಪಾಗಿತ್ತು ಅಲ್ವಾ? ಮುಟ್ಟಿದರೆ ಮಖಮಲ್ಲಿನ ಹಾಗೆ ದಪ್ಪ ಅನ್ನಿಸುತ್ತದಾ? ಕಂಕುಳಲ್ಲೂ ಹಾಗೇ ಇದೆಯಾ? ಇದ್ದರೆ ಅದು ಕೊಳೆ ಅಲ್ಲ. ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗ ಕುತ್ತಿಗೆ ಹೀಗೆ ಆಗುತ್ತದೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಉಜ್ಜಿದಷ್ಟೂ ಹೆಚ್ಚಾಗುತ್ತದೆ. ಎಚ್‌ಬಿಎ1ಸಿ ರಕ್ತ ಪರೀಕ್ಷೆ ಮಾಡಿಸಿ, ಅದು ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುತ್ತದೆ. 5.7ರಿಂದ 6.4 ಬಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು, 6.5 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಡಾಕ್ಟರು ಇನ್ನೊಮ್ಮೆ ಪರೀಕ್ಷಿಸಿ ಖಚಿತ ಮಾಡುತ್ತಾರೆ. ಸ್ನಾನ ಮಾಡುವುದಿಲ್ಲವಾ ಅಂತ ಕೇಳಿದವರಿಗೆ ಇದು ಗೊತ್ತಿರಲಿಲ್ಲ. ನೀವು ಆ ಮಾತನ್ನು ಮನಸ್ಸಿನಿಂದ ತೆಗೆದುಹಾಕಿ. ಸುಟ್ಟ ಕಲೆಗೆ ಸದ್ಯ ಏನೂ ಹಚ್ಚಬೇಡಿ. ಸ್ಕೂಟರಿನಲ್ಲಿ ಹೋಗುವಾಗ ಹತ್ತಿ ದುಪಟ್ಟಾ ಸುತ್ತಿ, ಸನ್‌ಸ್ಕ್ರೀನ್ ಹಚ್ಚಿ. ಮಾಸಲು ಕೆಲವು ತಿಂಗಳು ಬೇಕು.

ಕೂದಲಿನ ಬಗ್ಗೆ ಒಂದು ಸಣ್ಣ ಪರೀಕ್ಷೆ. ನೆಲದ ಮೇಲೆ ಬಿದ್ದ ಕೂದಲು ಎತ್ತಿ ನೋಡಿ. ತುದಿಯಲ್ಲಿ ಸಣ್ಣ ಬಿಳಿ ಗಂಟು ಇದ್ದರೆ ಬುಡದಿಂದ ಬಂದದ್ದು. ಇಲ್ಲದೆ ಗಿಡ್ಡ ತುಂಡುಗಳಾಗಿದ್ದರೆ ಮಧ್ಯದಲ್ಲಿ ಮುರಿದದ್ದು. ಮುರಿಯುವುದಕ್ಕೆ ನೀರು, ಬಾಚಣಿಗೆ ಕಾರಣ. ಅದಕ್ಕೆ ದಾಸವಾಳ, ಕೊಬ್ಬರಿ ಎಣ್ಣೆ ಸರಿ. ಕೊಬ್ಬರಿ ಎಣ್ಣೆ ಕೂದಲಿನ ಒಳಗೆ ಇಳಿದು ಪ್ರೋಟೀನ್ ನಷ್ಟ ತಡೆಯುತ್ತದೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಹಾಗೆ ಮಾಡುವುದಿಲ್ಲ ಅಂತ 2003ರಲ್ಲೇ ಒಂದು ಅಧ್ಯಯನ ತೋರಿಸಿದೆ. ಬುಡದಿಂದ ಉದುರುವುದು ಬೇರೆ ವಿಷಯ. ದಿನಕ್ಕೆ 50ರಿಂದ 100 ಸಹಜ. ಅದಕ್ಕಿಂತ ಜಾಸ್ತಿ ಇದ್ದರೆ ಎರಡು ಮೂರು ತಿಂಗಳ ಹಿಂದೆ ಜ್ವರ ಬಂದಿತ್ತಾ ನೆನಪು ಮಾಡಿಕೊಳ್ಳಿ. ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ಮತ್ತು ಥೈರಾಯ್ಡ್ ನೋಡಿಸಿ. ಕಬ್ಬಿಣದ ಅಂಶ ಕಡಿಮೆ ಇದ್ದರೆ ಯಾವ ಲೋಳೆಯಿಂದಲೂ ನಿಲ್ಲುವುದಿಲ್ಲ. ತಲೆಹೊಟ್ಟು ಇದ್ದರೆ ಬುಡಕ್ಕೆ ಎಣ್ಣೆ ನಿಲ್ಲಿಸಿ. ತಲೆಹೊಟ್ಟಿನ ಹಿಂದೆ ಇರುವ ಶಿಲೀಂಧ್ರಕ್ಕೆ ಎಣ್ಣೆಯೇ ಊಟ.

ಮಗುವಿನ ಕಾಲಿಗೆ ಕಡಲೆ ಹಿಟ್ಟಿನಿಂದ ತಿಕ್ಕುವುದು ಬೇಡ. ಹಿಟ್ಟು ಎಣ್ಣೆ ಹೀರುತ್ತದೆ, ಅವಳ ಕಾಲಿನಲ್ಲಿ ಇರುವುದೇ ಸ್ವಲ್ಪ. ಅತ್ತೆಯವರಿಗೆ ಬೇಜಾರಾಗದ ಹಾಗೆ, ದೀಪಾವಳಿಗೆ ಉಟಣೆ (ಮೈಗೆ ಹಚ್ಚುವ ಪರಿಮಳದ ಪುಡಿ) ಹಚ್ಚುವಾಗ ನೋಡೋಣ ಅನ್ನಿ. ಬಿಸಿನೀರು ಕಡಿಮೆ ಮಾಡಿ. ಹತ್ತು ನಿಮಿಷದೊಳಗೆ ಸ್ನಾನ ಮುಗಿಯಲಿ. ಟವೆಲಿನಲ್ಲಿ ಒತ್ತಿ ಒರೆಸಿ, ಮೈ ಇನ್ನೂ ತೇವ ಇರುವಾಗಲೇ ಕೊಬ್ಬರಿ ಎಣ್ಣೆ ಸವರಿ. ಒಣಗಿದ ಮೇಲೆ ಹಚ್ಚಿದರೆ ಅರ್ಧ ಲಾಭ ಹೋಯಿತು. ಒಡೆದು ನೀರು ಬರುವ ಜಾಗ ಇದ್ದರೆ ಅಡುಗೆಮನೆಯ ಯಾವುದನ್ನೂ ಹಚ್ಚದೆ ಡಾಕ್ಟರಿಗೆ ತೋರಿಸಿ.

ಯಾವುದೇ ಹೊಸದನ್ನು ಮೊದಲು ಮೊಣಕೈಯ ಒಳಭಾಗದಲ್ಲಿ ಹಚ್ಚಿ ಎರಡು ದಿನ ನೋಡಿ. ಕಲಸಿದ್ದನ್ನು ಫ್ರಿಜ್ಜಿನಲ್ಲಿ ವಾರಗಟ್ಟಲೆ ಇಡಬೇಡಿ. ಸಾರು ಕೆಡುತ್ತದೆ ಅಂದಮೇಲೆ ಇದೂ ಕೆಡುತ್ತದೆ.


ಧಾರವಾಡದವಳು, ವಾಕಡ್

ಓದುತ್ತಾ ಕಣ್ಣು ತುಂಬಿಬಂತು. ನರ್ಸ್ ಅಕ್ಕಾ, ಹೌದು, ಕಂಕುಳಲ್ಲೂ ಹಾಗೇ ಇದೆ. ನಮ್ಮ ಅಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು. ಈ ವಾರವೇ ಪರೀಕ್ಷೆ ಮಾಡಿಸುತ್ತೇನೆ. ಕೂದಲು ಎರಡೂ ತರಹ ಬೀಳುತ್ತಿದೆ, ಗಂಟು ಇರುವುದೂ ಇದೆ, ತುಂಡೂ ಇದೆ. ಡಿಸೆಂಬರ್ ಕೊನೆಗೆ ನನಗೆ ಡೆಂಗ್ಯೂ ಆಗಿತ್ತು, ಅದನ್ನು ಇದರ ಜೊತೆ ಜೋಡಿಸಿ ಯೋಚಿಸಿಯೇ ಇರಲಿಲ್ಲ.

ಇನ್ನೊಂದು. ಹಿಮ್ಮಡಿ ಒಡೆದಿದೆ, ಕೊಬ್ಬರಿ ಎಣ್ಣೆ ಹಚ್ಚಿದರೆ ನೆಲಕ್ಕೆ ಹೋಗುತ್ತದೆ, ಹಿಮ್ಮಡಿಯಲ್ಲಿ ನಿಲ್ಲುವುದಿಲ್ಲ. ಏನಾದರೂ ಇದೆಯಾ?


ವಾಸ್ಕೊ, ಕುಮಟಾ ಮೂಲ

ಇದಕ್ಕೆ ನಾನು ಹೇಳುತ್ತೇನೆ. ಮುರುಗಲ (ಕೋಕಂ) ತುಪ್ಪ. ನಾನು ಇಲ್ಲಿ ಬಂದರಿನ ಕೆಲಸದಲ್ಲಿ ದಿನಕ್ಕೆ ಹತ್ತು ಗಂಟೆ ಬೂಟು ಹಾಕುವವನು. ಹಿಮ್ಮಡಿ ರಕ್ತ ಬರುವಷ್ಟು ಒಡೆಯುತ್ತಿತ್ತು. ಗೋವಾದಲ್ಲಿ ಮುರುಗಲಿಗೆ ಭಿರಂಡ್ ಅನ್ನುತ್ತಾರೆ, ಅದರ ಬೀಜದ ತುಪ್ಪ ಭಿರಂಡೆಲ್. ಏಪ್ರಿಲ್, ಮೇನಲ್ಲಿ ಸಿಪ್ಪೆ ಒಣಗಿಸಿ ಸೋಲ್ (ಅಡುಗೆಗೆ ಹಾಕುವ ಒಣ ಸಿಪ್ಪೆ) ಮಾಡಿದ ಮೇಲೆ ಉಳಿಯುವ ಬೀಜವನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸುತ್ತಾರೆ. ಮೇಲೆ ತೇಲುವ ಜಿಡ್ಡನ್ನು ತೆಗೆದು ಆರುವಾಗ ಕೈಯಲ್ಲೇ ಉಂಡೆ ಕಟ್ಟುತ್ತಾರೆ. ನಮ್ಮ ಅಮ್ಮ ಮಾಡುತ್ತಿದ್ದದ್ದೂ ಹಾಗೆಯೇ. ಮಾಪುಸಾದ ಶುಕ್ರವಾರದ ಸಂತೆಯಲ್ಲಿ ನೆಲದ ಮೇಲೆ ಕೂತು ಮಾರುವ ಹೆಂಗಸರ ಹತ್ತಿರ ಸಿಗುತ್ತದೆ. ಮಾಸಲು ಬಿಳಿ ಬಣ್ಣ, ಕಲ್ಲಿನ ಹಾಗೆ ಗಟ್ಟಿ.

ಇದು ಕರಗಲು ಸುಮಾರು 38ರಿಂದ 40 ಡಿಗ್ರಿ ಬೇಕು. ಕೊಬ್ಬರಿ ಎಣ್ಣೆ 24 ಡಿಗ್ರಿಗೇ ಕರಗಿ ಹರಿಯುತ್ತದೆ. ಅದಕ್ಕೇ ಮುರುಗಲ ತುಪ್ಪ ಹಿಮ್ಮಡಿಯಲ್ಲಿ ನಿಲ್ಲುತ್ತದೆ. ರಾತ್ರಿ ಕಾಲು ಹತ್ತು ನಿಮಿಷ ಬಿಸಿನೀರಿನಲ್ಲಿಟ್ಟು ಒರೆಸಿಕೊಳ್ಳಿ. ಚಮಚದಲ್ಲಿ ಒಂದು ಚೂರು ಇಟ್ಟು ದೀಪದ ಮೇಲೆ ಹಿಡಿದರೆ ಕರಗುತ್ತದೆ. ಸುಡದಷ್ಟು ಆರಿದ ಮೇಲೆ ಬಿರುಕಿಗೆ ತುಂಬಿ, ಹತ್ತಿಯ ಸಾಕ್ಸ್ ಹಾಕಿ ಮಲಗಿ. ನನಗೆ ಒಂಬತ್ತನೆಯ ರಾತ್ರಿಗೆ ನೋವು ಹೋಯಿತು. ತುಟಿಗೂ ಇದನ್ನೇ ಹಚ್ಚುತ್ತೇನೆ. ಒಂದು ಉಂಡೆ ವರ್ಷ ಬರುತ್ತದೆ. ನಿಮಗೆ ಸಕ್ಕರೆ ಇದೆ ಅಂತ ಬಂದರೆ ಮಾತ್ರ ಕಾಲಿನ ಬಿರುಕನ್ನು ಮೊದಲು ಡಾಕ್ಟರಿಗೆ ತೋರಿಸಿ. ನಮ್ಮ ಮಾವನ ವಿಷಯದಲ್ಲಿ ತಡವಾಗಿತ್ತು.


ಧಾರವಾಡದವಳು, ವಾಕಡ್

ಏಳು ವಾರದ ನಂತರ ಬರೆಯುತ್ತಿದ್ದೇನೆ. ಎಚ್‌ಬಿಎ1ಸಿ 5.9 ಬಂತು. ಫೆರಿಟಿನ್ ತುಂಬಾ ಕಡಿಮೆ. ಡಾಕ್ಟರು ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ, ಸಂಜೆ 40 ನಿಮಿಷ ನಡೆಯಲು ಹೇಳಿದ್ದಾರೆ. ಹಿಮ್ಮಡಿಯನ್ನೂ ನೋಡಿ, ತುಪ್ಪ ಹಚ್ಚಬಹುದು ಎಂದರು. ಕುತ್ತಿಗೆಯನ್ನು ಈಗ ಉಜ್ಜುವುದಿಲ್ಲ. ನಿಂಬೆಯ ಕಲೆ ಅಂಚಿನಲ್ಲಿ ಮಾಸುತ್ತಿದೆ.

ದಾಸವಾಳದ ಗಿಡ ನಮ್ಮ ಬಿ ವಿಂಗ್ ಹಿಂದೆ ಇತ್ತು! ವರ್ಷದಿಂದ ದಿನಾ ಅದರ ಪಕ್ಕದಲ್ಲೇ ಹೋಗಿ ಬರುತ್ತಿದ್ದೆ. ಆರು ಭಾನುವಾರ ಆಯಿತು. ಮೊದಲ ಸಲ ಲೋಳೆ ತೆಳ್ಳಗಾಯಿತು, ನೀರು ಜಾಸ್ತಿ ಹಾಕಿದ್ದೆ. ಎರಡನೆಯ ಸಲದಿಂದ ಮಗಳೇ ಹಿಸುಕುತ್ತಾಳೆ, ಬೆರಳೆತ್ತಿ ದಾರ ಎಷ್ಟು ಉದ್ದ ಬರುತ್ತದೆ ಅಂತ ತೋರಿಸುತ್ತಾಳೆ. ಉದುರುವುದು ಇನ್ನೂ ಇದೆ. ಆದರೆ ಕೂದಲು ಮುಟ್ಟಿದರೆ ಕೂದಲೇ ಅನ್ನಿಸುತ್ತದೆ, ಬಾಚಣಿಗೆ ತುದಿಯವರೆಗೆ ಇಳಿಯುತ್ತದೆ. ಆರ್‌ಓ ನೀರಿನ ಎರಡು ಚೊಂಬು ತಪ್ಪಿಸಿದ ವಾರ ವ್ಯತ್ಯಾಸ ಚೆನ್ನಾಗಿ ಗೊತ್ತಾಯಿತು.

ಅವಳ ಕಾಲಿನ ಬಿಳಿ ಗೆರೆ ಹೋಗಿದೆ. ಈಗ ಬೇಸಿಗೆ, ನಿಜ. ಡಿಸೆಂಬರಿನಲ್ಲಿ ಮತ್ತೆ ನೋಡಬೇಕು.

ಶಿರಸಿ ಕಾಕು, ಒಂದು ಕೇಳಬೇಕಿತ್ತು. ಈ ವಾರ ಎಲೆಯ ಹಿಂದೆ ಹತ್ತಿಯ ಹಾಗೆ ಬಿಳಿ ಬಿಳಿ ಅಂಟಿಕೊಂಡಿದೆ. ತೊಳೆದು ಹಾಕಬಹುದಾ?


ಡೊಂಬಿವಲಿ, ಶಿರಸಿ ಮೂಲ

ಬೇಡ ತಂಗಿ. ಅದು ಹಿಟ್ಟು ತಿಗಣೆ. ಆ ರೆಂಬೆಯ ಎಲೆ ಮುಟ್ಟಬೇಡ. ಮಾಲಿಗೆ ತೋರಿಸು, ಔಷಧಿ ಹೊಡೆದಿದ್ದಾನಾ, ಯಾವಾಗ ಹೊಡೆದ ಅಂತ ಕೇಳು. ಹೊಡೆದಿದ್ದರೆ ಈ ಮಳೆಗಾಲ ಮುಗಿಯುವವರೆಗೆ ಆ ಗಿಡ ಬಿಡು. ಅಲ್ಲಿಯವರೆಗೆ ಎರಡು ಚಮಚ ಮೆಂತ್ಯ ರಾತ್ರಿ ನೆನೆಸಿ, ಬೆಳಿಗ್ಗೆ ಅದರ ಲೋಳೆ ನೀರು ಮಾತ್ರ ಸೋಸಿ ಹಚ್ಚು. ಅರೆಯದಿದ್ದರೆ ವಾಸನೆ ಕಡಿಮೆ. ಒಂದು ಗೆಲ್ಲು ಕುಂಡಕ್ಕೆ ಹಾಕಿಕೋ, ರೋಗ ಇಲ್ಲದ ಕಡೆಯಿಂದ, ಪೆನ್ಸಿಲ್ ದಪ್ಪದ್ದು, ಒಂದು ಗೇಣು ಉದ್ದ. ಜೂನ್ ಮಳೆಗೆ ಚಿಗುರುತ್ತದೆ. ನೀರು ಹಾಕುವ ಕೆಲಸ ಮಗಳಿಗೆ ಕೊಡು.